ಬೇಸ್ ಇಲ್ಲದ ಇಬ್ಬರ ಬ್ಯಾಂಡ್: ವೈಟ್ ಸ್ಟ್ರೈಪ್ಸ್ ಮೊದಲ ಆಲ್ಬಮ್ ಹೇಗೆ ಕೇಳಬೇಕು?

ಧಾರವಾಡ ಗಿಟಾರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಗಿಟಾರ್ ನುಡಿಸಿ ಹಾಡುತ್ತೇನೆ, ಗೆಳೆಯ ಡ್ರಮ್ಸ್ ಬಾರಿಸುತ್ತಾನೆ. ಬೇಸ್ ಗಿಟಾರ್ (ಕೆಳಗಿನ ದಪ್ಪ ಸದ್ದಿನದು) ನುಡಿಸುತ್ತಿದ್ದವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಹೋದ. ಅವನ ಜಾಗಕ್ಕೆ ಇನ್ನೊಬ್ಬ ಸಿಗುತ್ತಿಲ್ಲ. ಡಿಸೆಂಬರ್‌ನಲ್ಲಿ ಕಾಲೇಜಿನ ಹಳೇ ವಿದ್ಯಾರ್ಥಿಗಳ ಕಾರ್ಯಕ್ರಮ ಇದೆ, ನಮಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ತಂತಿ ತರೋಕೆ ಹೋದಾಗ ಅಂಗಡಿಯವರ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. "ಇಬ್ಬರೇ ಸ್ಟೇಜ್ ಹತ್ತಿ ಬಿಡ್ರಿ, ವೈಟ್ ಸ್ಟ್ರೈಪ್ಸ್ ಅದನ್ನೇ ಮಾಡಲಿಲ್ಲೇನು" ಅಂದರು.

ಅವರ ಹಾಡುಗಳಲ್ಲಿ ನನಗೆ ಗೊತ್ತಿದ್ದದ್ದು 'ಸೆವೆನ್ ನೇಷನ್ ಆರ್ಮಿ' ಒಂದೇ. ಅದೇ, ಫುಟ್‌ಬಾಲ್ ಮೈದಾನದಲ್ಲಿ ಜನ "ಓ... ಓ ಓ ಓ ಓ ಓ" ಅಂತ ಕೂಗುತ್ತಾರಲ್ಲ, ಅದು. ಶುರುವಿನಿಂದಲೇ ಕೇಳೋಣ ಅಂತ 1999ರ ಮೊದಲ ಆಲ್ಬಮ್ ಹಾಕಿದೆ. 17 ಹಾಡು, ಮುಕ್ಕಾಲು ಗಂಟೆಯೂ ಇಲ್ಲ.

ನಿಜ ಹೇಳಬೇಕೆಂದರೆ ತಲೆಗೆ ಹತ್ತಲಿಲ್ಲ. ಮಧ್ಯದಲ್ಲಿ ಏನೋ ಖಾಲಿ ಖಾಲಿ. ಗಿಟಾರ್ ನಿಂತರೆ ಹಾಡೇ ನಿಂತುಹೋದ ಹಾಗೆ. ಡ್ರಮ್ಸ್ ಅಂತೂ ಯಾರೋ ಹೊಸದಾಗಿ ಕಲಿಯುತ್ತಿರುವವರು ಬಾರಿಸಿದ ಹಾಗಿದೆ. ಇದು ದುಡ್ಡಿಲ್ಲದೆ ಮಾಡಿದ ರೆಕಾರ್ಡಿಂಗಿನ ದೋಷವಾ, ಬೇಕಂತಲೇ ಹೀಗೆ ಮಾಡಿದ್ದಾ? ಇದರಿಂದ ನಮ್ಮಂಥ ಇಬ್ಬರು ಕಲಿಯೋದು ಏನಾದರೂ ಇದೆಯಾ? ಇನ್ನೊಂದು, ಮೂರನೇ ಹಾಡಿನಲ್ಲಿ ಹಾಡುವವನು 'ಬಿಗ್ ಥ್ರೀ' ನನ್ನ ಮಗೂನ ಕೊಂದರು ಅಂತಾನೆ. ಯಾರವರು?

ಒಗ್ಗರಣೆ ಬರೆದದ್ದು:

ಗುರು, ತಪ್ಪು ಬಾಗಿಲಿನಿಂದ ಒಳಗೆ ಹೋಗಿದ್ದೀರಿ. ಮೊದಲನೆಯದು ಬಿಡಿ, 2001ರದ್ದು ಕೇಳಿ, ಆಮೇಲೆ 2003ರದ್ದು. ಮೊದಲ ಆಲ್ಬಮ್ ಇತಿಹಾಸದ ವಿದ್ಯಾರ್ಥಿಗಳಿಗೆ. ಡ್ರಮ್ಸ್ ಬಗ್ಗೆ ನಿಮ್ಮ ಕಿವಿ ಸರಿಯಾಗೇ ಇದೆ. ಮೆಗ್ ವೈಟ್‌ಗೆ ಬಾರಿಸೋಕೆ ಬರ್ತಿರಲಿಲ್ಲ. ಹಾಡಿ ಗಿಟಾರ್ ನುಡಿಸೋ ಜ್ಯಾಕ್ ವೈಟ್ ಅವಳನ್ನು ಹೆಂಡತಿ ಅಂತ ಕೂರಿಸಿಕೊಂಡಿದ್ದ, ಅಷ್ಟೇ.

ಮಂಡ್ಯ ಟು ಮಿಶಿಗನ್ ಬರೆದದ್ದು:

ಒಗ್ಗರಣೆಯವರಿಗೆ ಆಮೇಲೆ ಬರ್ತೀನಿ. ಮೊದಲು ಪ್ರಶ್ನೆ ಕೇಳಿದವರಿಗೆ.

ನಾನಿರುವುದು ಈ ಬ್ಯಾಂಡಿನ ಊರಾದ ಡೆಟ್ರಾಯ್ಟ್‌ನ ಉತ್ತರಕ್ಕೆ, ಟ್ರಾಯ್ ಎನ್ನುವ ಊರಿನಲ್ಲಿ. ಕೆಲಸ ಕಾರಿನ ಸೀಟು ಮಾಡುವ ಕಂಪನಿಯಲ್ಲಿ. ವಾದ್ಯ ಯಾವುದೂ ಬರಲ್ಲ, ಕೇಳೋದು ಮಾತ್ರ. ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು, ಸೀಟಿನ ಬಟ್ಟೆ ಹೊಲಿಗೆ ನೋಡಿಕೊಳ್ಳುವವರು, "ನೀನು ನಮ್ಮ ಕಸುಬಿನವನ ಹಾಡು ಕೇಳಿದೀಯಾ?" ಅಂತ ಕೇಳಿದರು. ಹಾಗೆ ಈ ಆಲ್ಬಮ್ ನನ್ನ ಕೈಗೆ ಬಂತು.

ಜ್ಯಾಕ್ ವೈಟ್ ಸೋಫಾ ಕುರ್ಚಿಗಳಿಗೆ ಹೊದಿಕೆ ಹಾಕುವ ಕೆಲಸದವನು. ಬ್ರಯನ್ ಮಲ್ಡೂನ್ ಎಂಬುವವರ ಹತ್ತಿರ ಕಸುಬು ಕಲಿತು, ಆಮೇಲೆ ತನ್ನದೇ ಅಂಗಡಿ ಇಟ್ಟ. 'ಥರ್ಡ್ ಮ್ಯಾನ್ ಅಪ್‌ಹೋಲ್ಸ್ಟರಿ' ಅಂತ ಹೆಸರು. ಹಳದಿ ವ್ಯಾನು. ಗಿರಾಕಿಗಳಿಗೆ ಬಿಲ್ಲನ್ನು ಮಕ್ಕಳ ಕ್ರೆಯಾನ್‌ನಲ್ಲಿ ಬರೆದುಕೊಡುತ್ತಿದ್ದ. ಸೋಫಾದ ಒಳಗೆ, ಬಟ್ಟೆ ಮುಚ್ಚುವ ಮೊದಲು, ಪದ್ಯ ಬರೆದಿಡುತ್ತಿದ್ದ. ನಮ್ಮ ಸೀಟಿನ ಒಳಗೆ ಏನಿರುತ್ತೆ ಗೊತ್ತಾ? ಫೋಮು, ತಂತಿಯ ರಿಂಗು, ಪಾರ್ಟ್ ನಂಬರಿನ ಒಂದು ಚೀಟಿ. 2004ರಲ್ಲಿ ಅವನೂ ಮಲ್ಡೂನೂ ಸೇರಿ ಒಂದು ರೆಕಾರ್ಡ್ ಮಾಡಿ, ಅದರ 100 ಪ್ರತಿಗಳನ್ನು ರಿಪೇರಿಗೆ ಬಂದ ಪೀಠೋಪಕರಣಗಳ ಒಳಗೆ ಸೇರಿಸಿ ಹೊಲಿದುಬಿಟ್ಟರು. ಮೊದಲನೆಯದು ಯಾರಿಗಾದರೂ ಸಿಕ್ಕಿತು ಅನ್ನುವ ಸುದ್ದಿ ಬಂದದ್ದು 2014ರಲ್ಲಿ. ಉಳಿದವರು ಇನ್ನೂ ಅದರ ಮೇಲೆ ಕೂತು ಟಿವಿ ನೋಡುತ್ತಿರಬಹುದು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಿಮ್ಮ 'ಖಾಲಿ ಖಾಲಿ'ಗೆ ಉತ್ತರ ಇಲ್ಲೇ ಇದೆ. ಮೂರು ಸ್ಟೇಪಲ್ ಹೊಡೆದರೆ ಬಟ್ಟೆ ನಿಲ್ಲುತ್ತೆ, ಅದಕ್ಕಿಂತ ಕಮ್ಮಿ ಆದರೆ ಆಗಲ್ಲ ಅನ್ನೋದು ಅವನಿಗೆ ಕೆಲಸದಲ್ಲೇ ಹೊಳೆದದ್ದಂತೆ. ಅಲ್ಲಿಂದ ಮೂರರ ಹುಚ್ಚು. ಕೆಂಪು, ಬಿಳಿ, ಕಪ್ಪು, ಮೂರೇ ಬಣ್ಣ. ದನಿ, ಗಿಟಾರ್, ಡ್ರಮ್ಸ್, ಮೂರೇ ಸದ್ದು. ನಾಲ್ಕನೆಯದನ್ನು ತರಬಹುದಿತ್ತು. ತರಲಿಲ್ಲ. ನಿಮ್ಮ ಬೇಸ್‌ನವನು ಪುಣೆಗೆ ಹೋದ. ಇವರು ಬೇಸ್‌ನವನನ್ನು ಕರೆಯಲೇ ಇಲ್ಲ. ವ್ಯತ್ಯಾಸ ಅಲ್ಲಿದೆ.

ದುಡ್ಡೂ ಇರಲಿಲ್ಲ, ಅದೂ ನಿಜ. ಡೆಟ್ರಾಯ್ಟ್‌ನಲ್ಲಿ ಜಿಮ್ ಡೈಮಂಡ್ ನಡೆಸುತ್ತಿದ್ದ ಘೆಟ್ಟೋ ರೆಕಾರ್ಡರ್ಸ್ ಅನ್ನುವ ಸ್ಟುಡಿಯೋದಲ್ಲಿ ಒಂದಷ್ಟು, ಜ್ಯಾಕ್ ಮನೆಯಲ್ಲಿ ಒಂದಷ್ಟು ರೆಕಾರ್ಡ್ ಆಯಿತು. ಹೊರತಂದದ್ದು ಕ್ಯಾಲಿಫೋರ್ನಿಯಾದ ಪುಟ್ಟ ಲೇಬಲ್ಲು, 'ಸಿಂಪಥಿ ಫಾರ್ ದಿ ರೆಕಾರ್ಡ್ ಇಂಡಸ್ಟ್ರಿ'. (ಹೆಸರು ನೋಡಿ!) ಆದರೆ ದುಡ್ಡು ಬಂದ ಮೇಲೂ ಅವರು ಬೇಸ್‌ನವರನ್ನು ಸೇರಿಸಿಕೊಳ್ಳಲಿಲ್ಲ. 2011ರಲ್ಲಿ ಬ್ಯಾಂಡ್ ಮುಗಿಯಿತು ಅಂತ ಹೇಳುವವರೆಗೂ ಇಬ್ಬರೇ. ಹಾಗಾಗಿ ಬಡತನದ ಮೇಲೆ ಹಾಕಿ ಮುಗಿಸೋ ಹಾಗಿಲ್ಲ.

ಈ ಆಲ್ಬಮ್ ಅನ್ನು ಸನ್ ಹೌಸ್‌ಗೆ ಅರ್ಪಿಸಿದ್ದಾರೆ. ಮಿಸಿಸಿಪ್ಪಿಯ ಹಳೇ ಬ್ಲೂಸ್ ಹಾಡುಗಾರ. ಅವರ 'ಗ್ರಿನಿನ್ ಇನ್ ಯುವರ್ ಫೇಸ್' ತನಗೆ ಅತಿ ಇಷ್ಟದ ಹಾಡು ಅಂತ ಜ್ಯಾಕ್ ಹೇಳಿದ್ದಾನೆ. ದಯವಿಟ್ಟು ಅದನ್ನೊಮ್ಮೆ ಕೇಳಿ. ಗಿಟಾರ್ ಕೂಡ ಇಲ್ಲ. ಒಬ್ಬ ಮನುಷ್ಯ ಹಾಡುತ್ತಾನೆ, ಚಪ್ಪಾಳೆ ತಟ್ಟುತ್ತಾನೆ. ಆ ಚಪ್ಪಾಳೆಯೂ ತಾಳಕ್ಕೆ ಸರಿಯಾಗಿ ಬೀಳಲ್ಲ. ಅದನ್ನು ಕೇಳಿ ಬೆಳೆದವನಿಗೆ ಒಂದು ಗಿಟಾರು, ಒಂದು ಡ್ರಮ್ ಸೆಟ್ಟು ಅಂದರೆ ಅದೇ ಜಾಸ್ತಿ ಅನಿಸಿರಬೇಕು. ಏಳನೇ ಹಾಡು 'ಕ್ಯಾನನ್' ಮಧ್ಯದಲ್ಲಿ ಸನ್ ಹೌಸ್ ಹಾಡುತ್ತಿದ್ದ 'ಜಾನ್ ದಿ ರೆವೆಲೇಟರ್' ಸಾಲುಗಳು ನುಗ್ಗಿ ಬರುತ್ತವೆ, ಗಮನಿಸಿ.

ಸನ್ ಹೌಸ್ ಕೊನೆಗಾಲದಲ್ಲಿ ಇದ್ದದ್ದು ಡೆಟ್ರಾಯ್ಟ್‌ನಲ್ಲೇ. 1988ರಲ್ಲಿ ತೀರಿಕೊಂಡರು. ಊರಿನ ವಾಯವ್ಯ ಭಾಗದಲ್ಲಿ ಮೌಂಟ್ ಹೇಜಲ್ ಅನ್ನುವ ಸ್ಮಶಾನ ಇದೆ, ಲಾಸರ್ ರೋಡಿನಲ್ಲಿ. ಅಲ್ಲಿ ಡೆಟ್ರಾಯ್ಟ್ ಬ್ಲೂಸ್ ಸೊಸೈಟಿಯವರು ಹಾಕಿಸಿದ ಕಲ್ಲು ಇದೆ. ನಾನು ಹೋದಾಗ ಕಲ್ಲಿನ ಮೇಲೆ ಯಾರೋ ಗಿಟಾರ್ ಪಿಕ್‌ಗಳನ್ನು ಇಟ್ಟುಹೋಗಿದ್ದರು. ಒಂದು ಬಿಸಿಲಿಗೆ ಬಾಗಿಹೋಗಿತ್ತು. ಸನ್ ಹೌಸ್ ತೀರಿಕೊಂಡಾಗ ಜ್ಯಾಕ್‌ಗೆ 13 ವರ್ಷ, ಅದೇ ಊರಿನ ಇನ್ನೊಂದು ಮೂಲೆಯಲ್ಲಿ ಹತ್ತು ಮಕ್ಕಳ ಮನೆಯ ಕೊನೇ ಮಗ.

ಈಗ 'ಬಿಗ್ ಥ್ರೀ'. ಜನರಲ್ ಮೋಟರ್ಸ್, ಫೋರ್ಡ್, ಕ್ರೈಸ್ಲರ್. ನಮ್ಮ ಊರಿನ ಅನ್ನದಾತರು, ನನಗೂ ಸೇರಿ. ಬೇಕಂತಲೇ ಬೇಗ ಕೆಡುವ ಮಾಲು ಮಾಡುತ್ತಾರೆ, ಒಳ್ಳೆಯ ಯೋಚನೆಗಳನ್ನು ಹೂತುಹಾಕುತ್ತಾರೆ ಅನ್ನೋದು ಹಾಡಿನ ಸಿಟ್ಟು. ಅದರಲ್ಲಿ ಟಕರ್ ಅಂತ ಒಂದು ಹೆಸರು ಬರುತ್ತೆ. ಪ್ರೆಸ್ಟನ್ ಟಕರ್ ಇದೇ ಮಿಶಿಗನ್‌ನವನು, 1948ರಲ್ಲಿ ಹೊಸ ನಮೂನೆಯ ಕಾರು ಮಾಡಹೋಗಿ, 50 ಚಿಲ್ಲರೆ ಕಾರು ಮಾಡುವಷ್ಟರಲ್ಲಿ ಕಂಪನಿ ಮುಳುಗಿತು. ದೊಡ್ಡವರೇ ಮುಳುಗಿಸಿದರು ಅನ್ನುವ ಮಾತು ಇಲ್ಲಿ ಇನ್ನೂ ಇದೆ. ನಾನು ಈ ಹಾಡನ್ನು ಆಫೀಸಿಗೆ ಹೋಗುವ ದಾರಿಯಲ್ಲಿ ಕೇಳುತ್ತೇನೆ, ವಾಪಸ್ ಬರುವಾಗ ಇನ್ನೂ ಜೋರಾಗಿ.

ಒಂಬತ್ತನೆಯ 'ಬ್ರೋಕನ್ ಬ್ರಿಕ್ಸ್' ಹಾಡನ್ನೂ ಇದರ ಜೊತೆಗೇ ಕೇಳಿ. ಮುಚ್ಚಿಹೋದ ಕಾರ್ಖಾನೆಯ ಬೇಲಿ ನುಸುಳಿ ಒಳಗೆ ಹೋದರೆ ಏನೇನು ಕಾಣುತ್ತೆ ಅನ್ನೋದೇ ಹಾಡು. ಅಪ್ಪ ಊಟಕ್ಕೆ ಕೂರುತ್ತಿದ್ದ ಜಾಗವೂ ಅಲ್ಲಿದೆ. ಎರಡು ನಿಮಿಷದ ಆಚೀಚೆ, ಮುಗಿದೇ ಹೋಗುತ್ತೆ. ಆಗ ಡೆಟ್ರಾಯ್ಟ್ ಹಾಗೇ ಇತ್ತು. ದೊಡ್ಡ ರೈಲ್ವೆ ಸ್ಟೇಷನ್ 1988ರಲ್ಲೇ ಮುಚ್ಚಿ, ಗಾಜೆಲ್ಲ ಒಡೆದು ನಿಂತಿತ್ತು. ಅದನ್ನು 2018ರಲ್ಲಿ ಫೋರ್ಡ್‌ನವರು ಕೊಂಡು, ರಿಪೇರಿ ಮಾಡಿಸಿ, 2024ರ ಜೂನ್‌ನಲ್ಲಿ ತೆರೆದರು. ಆ ದಿನದ ಸಂಗೀತ ಕಾರ್ಯಕ್ರಮದಲ್ಲಿ ಸ್ಟೇಷನ್ ಎದುರು ಹಾಡಿದವರಲ್ಲಿ ಜ್ಯಾಕ್ ವೈಟೂ ಇದ್ದ. 'ಬಿಗ್ ಥ್ರೀ' ಹಾಡಲಿಲ್ಲ ಅನ್ನಿ!

ಇನ್ನು ಒಗ್ಗರಣೆಯವರೇ. "ಹೆಂಡತಿ ಅಂತ ಕೂರಿಸಿಕೊಂಡಿದ್ದ" ಅಂದಿರಲ್ಲ. ಅವರ ಡೈವೋರ್ಸ್ ಆದದ್ದು 2000ದಲ್ಲಿ. ನೀವು ಕೇಳಿ ಅಂತ ಹೇಳಿದ 2001ರ, 2003ರ ಆಲ್ಬಮ್‌ಗಳಲ್ಲಿ ಮೆಗ್ ಅವನ ಹೆಂಡತಿಯಲ್ಲ. ಅಷ್ಟಕ್ಕೂ 'ವೈಟ್' ಅನ್ನೋದು ಮೆಗ್ ಮನೆತನದ ಹೆಸರು. ಗಿಲ್ಲಿಸ್ ಅಂತಿದ್ದವನು ಮದುವೆಯಾಗಿ ಅವಳ ಹೆಸರಿಟ್ಟುಕೊಂಡ. ನಮ್ಮ ಕಡೆ ಎಷ್ಟು ಗಂಡಸರು ಇಟ್ಟುಕೊಂಡಾರು, ಹೇಳಿ?

ಮೆಗ್ ರಾಯಲ್ ಓಕ್‌ನಲ್ಲಿ ಬಾರ್ ಕೆಲಸ ಮಾಡುತ್ತಿದ್ದಳು. 1997ರಲ್ಲಿ ಸುಮ್ನೆ ಹೋಗಿ ಜ್ಯಾಕ್‌ನ ಡ್ರಮ್ಸ್ ಮುಂದೆ ಕೂತಳು. ಅದೇ ವರ್ಷ ಜುಲೈ 14ಕ್ಕೆ ಗೋಲ್ಡ್ ಡಾಲರ್ ಅನ್ನುವ ಬಾರಿನಲ್ಲಿ ಮೊದಲ ಶೋ. ಆಲ್ಬಮ್ ಬಂದಾಗ ಅವಳು ಬಾರಿಸೋಕೆ ಶುರುಮಾಡಿ ಎರಡು ವರ್ಷ. ಹಾಗಾಗಿ "ಹೊಸದಾಗಿ ಕಲಿಯುತ್ತಿರುವವರು" ಅನ್ನೋದು ಸರಿ. "ಬರ್ತಿರಲಿಲ್ಲ" ಅನ್ನೋದು ಸರಿಯಲ್ಲ. ಮೊದಲ ಹಾಡು 'ಜಿಮ್ಮಿ ದಿ ಎಕ್ಸ್‌ಪ್ಲೋಡರ್' ಶುರುವಾಗುವುದೇ ಅವಳ ಪೆಟ್ಟಿನಿಂದ. ಒಂದು ತಿರುವಿಲ್ಲ, ಒಂದು ಒನಪಿಲ್ಲ. ಆಮೇಲೆ 'ಬಿಗ್ ಥ್ರೀ'ಯಲ್ಲಿ ನೋಡಿ, ಗಿಟಾರೂ ಡ್ರಮ್ಮೂ ಒಟ್ಟಿಗೆ ಬಿದ್ದು ಒಟ್ಟಿಗೆ ನಿಲ್ಲುತ್ತವೆ. ಆ ನಿಂತ ಜಾಗದಲ್ಲಿ ಅವನ ದನಿ. ಜಾಣ ಡ್ರಮ್ಮರ್ ಆಗಿದ್ದರೆ ಆ ಜಾಗದಲ್ಲಿ ಏನಾದರೊಂದು ಉರುಳಿಸಿ ತುಂಬಿಸಿಬಿಡುತ್ತಿದ್ದ. ಅವಳು ತುಂಬಿಸಲ್ಲ. ಕೈ ಕಟ್ಟಿ ಕಾಯುತ್ತಾಳೆ. ಧಾರವಾಡದವರಿಗೆ ಖಾಲಿ ಅನಿಸಿದ್ದು ಇದೇ. ನನಗೆ ಆಲ್ಬಮ್ ಇಷ್ಟ ಆಗಿದ್ದೂ ಇದಕ್ಕೇ.

2023ರಲ್ಲೂ ಯಾರೋ ಮೆಗ್ ಡ್ರಮ್ಸ್ ಬಗ್ಗೆ ಒಗ್ಗರಣೆಯವರ ಥರದ್ದೇ ಮಾತು ಬರೆದು ದೊಡ್ಡ ಜಗಳ ಆಗಿತ್ತು. ಜ್ಯಾಕ್ ಉತ್ತರವಾಗಿ ಒಂದು ಪದ್ಯ ಹಾಕಿದ. ಮೆಗ್ ಒಂದು ಮಾತೂ ಆಡಲಿಲ್ಲ. 2025ರಲ್ಲಿ ಬ್ಯಾಂಡನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅನ್ನುವ ಗೌರವದ ಪಟ್ಟಿಗೆ ಸೇರಿಸಿದಾಗಲೂ ಬರಲಿಲ್ಲ.

ಬಿ ಸೈಡ್ ಬರೆದದ್ದು:

ಬೆಂಗಳೂರಿನಲ್ಲಿ ಲೈವ್ ಸೌಂಡ್ ಕೆಲಸ ಮಾಡ್ತೀನಿ. ಮಂಡ್ಯದವರು ಬರೆದದ್ದು ಚೆನ್ನಾಗಿದೆ, ಆದರೆ ಬೇಸ್ ಬಿಟ್ಟವರಲ್ಲಿ ಇವರೇ ಮೊದಲಿಗರು ಅನ್ನೋ ಹಾಗೆ ಯಾರೂ ತಿಳಿಯೋದು ಬೇಡ. ಅದೇ ಡೆಟ್ರಾಯ್ಟ್‌ನಲ್ಲಿ 1986ರಿಂದ 'ದಿ ಗೋರೀಸ್' ಅಂತ ಮೂವರಿದ್ದರು, ಎರಡು ಗಿಟಾರ್, ಒಂದು ಡ್ರಮ್ಸ್, ಬೇಸ್ ಇಲ್ಲ. ಅಲ್ಲೂ ಡ್ರಮ್ಸ್‌ನಲ್ಲಿ ಹೆಂಗಸು, ಅಲ್ಲೂ ಸೀದಾ ಪೆಟ್ಟು. ಉತ್ತರ ಕ್ಯಾರೊಲಿನಾದಲ್ಲಿ 'ಫ್ಲಾಟ್ ಡ್ಯುವೊ ಜೆಟ್ಸ್' ಇದ್ದರು. ಜ್ಯಾಕ್ ವೈಟೇ ಅವರ ಹೆಸರು ಹೇಳುತ್ತಾನೆ, ಅವರ ಹಳೇ ಆಲ್ಬಮ್ ಒಂದನ್ನು ತನ್ನ ಲೇಬಲ್‌ನಿಂದ ಮತ್ತೆ ಹೊರತಂದ.

ಧಾರವಾಡದವರೇ, ನಿಮಗೆ ಇದರ ಜೊತೆ ಇನ್ನೆರಡು ಮೊದಲ ಆಲ್ಬಮ್ ಹೇಳ್ತೀನಿ. ಒಂದು 'ದಿ ಬ್ಲ್ಯಾಕ್ ಕೀಸ್' ಅವರ 2002ರದ್ದು. ಓಹಾಯೊದ ಏಕ್ರನ್, ಟೈರ್ ಕಾರ್ಖಾನೆಗಳ ಊರು. ಡ್ರಮ್ಮರ್ ಮನೆಯ ನೆಲಮಾಳಿಗೆಯಲ್ಲಿ ಎಂಟು ಟ್ರ್ಯಾಕಿನ ಟೇಪ್ ಮೆಷಿನ್ ಇಟ್ಟು ಮಾಡಿದ್ದು. ಇದೂ ಕಚ್ಚಾ, ಆದರೆ ಗಿಟಾರ್ ದಪ್ಪ, ತಾಳ ಸೊಂಟ ಕುಣಿಸುತ್ತೆ. ಇನ್ನೊಂದು ಇಂಗ್ಲೆಂಡಿನ 'ರಾಯಲ್ ಬ್ಲಡ್', 2014. ಅವರಲ್ಲಿ ಗಿಟಾರೇ ಇಲ್ಲ! ಬೇಸ್ ಮತ್ತು ಡ್ರಮ್ಸ್. ಅದು ಅಲ್ಲಿನ ಪಟ್ಟಿಯಲ್ಲಿ ನಂಬರ್ ಒನ್ ಆಯಿತು. ಪುಣೆಗೆ ಹೋದವನಿಗೆ ಈ ವಿಷಯ ಹೇಳಬೇಡಿ.

ಒಂದು ವಿಷಯದಲ್ಲಿ ಒಗ್ಗರಣೆಯವರ ಪರ. 17 ಹಾಡು ಜಾಸ್ತಿಯಾಯ್ತು. 'ಲಿಟಲ್ ಪೀಪಲ್', 'ಸ್ಲಿಕರ್ ಡ್ರಿಪ್ಸ್' ಇಲ್ಲದಿದ್ದರೂ ಆಲ್ಬಮ್‌ಗೆ ಏನೂ ಆಗ್ತಿರಲಿಲ್ಲ.

ಧಾರವಾಡ ಗಿಟಾರ್ ಬರೆದದ್ದು:

ಅಕ್ಕಾ, ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಸನ್ ಹೌಸ್ ಚಪ್ಪಾಳೆ ಹಾಡು ಕೇಳಿದೆ. ನನ್ನ ಡ್ರಮ್ಸ್ ಗೆಳೆಯನಿಗೂ ಕೇಳಿಸಿದೆ. "ಹಂಗಾರ ನಾನೂ ಮನೀಗ್ ಹೋಗ್ಲೇನು?" ಅಂದ.

ಅವನ ಕಷ್ಟವೇ ಬೇರೆ. ಕೈ ಸುಮ್ಮನಿರಲ್ಲ. ಎರಡು ಸಾಲಿಗೊಮ್ಮೆ ಪಟಪಟ ಅಂತ ಉರುಳಿಸಿ ರೋಲ್ ಹಾಕಲೇಬೇಕು. 'ಬಿಗ್ ಥ್ರೀ' ಹಾಕಿ, ನಿಲ್ಲುವ ಜಾಗದಲ್ಲಿ ನಿಲ್ಲು ಅಂದರೆ, ನಿಂತರೆ ತಪ್ಪಾಯ್ತು ಅಂತ ಜನ ತಿಳೀತಾರೆ ಅಂತಾನೆ. ಬಿ ಸೈಡ್ ಸರ್, ನಮ್ಮದು ಸಾಧಾರಣ ಗಿಟಾರು, 15 ವ್ಯಾಟಿನ ಪ್ರಾಕ್ಟೀಸ್ ಆಂಪು (ಆಂಪ್ಲಿಫೈಯರ್). ಕಾಲೇಜಿನ ಹಾಲ್ ದೊಡ್ಡದು. ಬೇಸ್ ಇಲ್ಲದೆ ಕೆಳಗಿನ ಸದ್ದು ಎಲ್ಲಿಂದ ತರೋದು?

ಬಿ ಸೈಡ್ ಬರೆದದ್ದು:

ಸಾಧಾರಣ ಗಿಟಾರು ಅಂತ ಬೇಜಾರು ಮಾಡ್ಕೋಬೇಡಿ. ಜ್ಯಾಕ್‌ನ ಆ ಕೆಂಪು ಏರ್‌ಲೈನ್ ಗಿಟಾರ್ 1960ರ ದಶಕದ್ದು, ಮೈಯೆಲ್ಲ ಫೈಬರ್‌ಗ್ಲಾಸು. ಮಾಂಟ್ಗೊಮರಿ ವಾರ್ಡ್ ಅನ್ನುವ ಅಂಗಡಿಯವರು ಬಟ್ಟೆ ಪಾತ್ರೆ ಜೊತೆ ಕ್ಯಾಟಲಾಗಿನಲ್ಲಿ ಮಾರುತ್ತಿದ್ದ ಸರಕು. ಅವನ ಸಿಲ್ವರ್‌ಟೋನ್ ಆಂಪು ಸಿಯರ್ಸ್ ಅಂಗಡಿಯದು. ಈಗ ಅವುಗಳ ಬೆಲೆ ಕೇಳಬೇಡಿ, ಆ ಮಾತು ಬೇರೆ.

ಕೆಲಸದ ಮಾತು: ಗಿಟಾರಿನ ಸಿಗ್ನಲ್ ಎರಡು ಮಾಡಿ. ಒಂದು ನಿಮ್ಮ ಆಂಪಿಗೆ, ಅದರ ಮುಂದೆ ಮೈಕ್ ಇಡಿ. ಇನ್ನೊಂದು ಆಕ್ಟೇವ್ ಪೆಡಲ್ (ಸ್ವರವನ್ನು ಒಂದು ಸ್ಥಾಯಿ ಕೆಳಗಿಳಿಸುವ ಪೆಟ್ಟಿಗೆ) ಮೂಲಕ ಬೇಸ್ ಆಂಪಿಗೆ, ಆ ಕಡೆ ಮೇಲಿನ ಸದ್ದೆಲ್ಲ ಇಳಿಸಿಬಿಡಿ. ನಿಮಗೆ ಗೊತ್ತಿರುವ ಆ ಫುಟ್‌ಬಾಲ್ ಹಾಡಿನಲ್ಲಿ ಬೇಸ್ ಅಂತ ಕೇಳಿಸೋದು ಗಿಟಾರೇ, ಪೆಡಲ್‌ನಿಂದ ಒಂದು ಆಕ್ಟೇವ್ ಕೆಳಗೆ ಇಳಿಸಿದ್ದು. ಪೆಡಲ್ ಸಿಗದಿದ್ದರೆ ದಪ್ಪ ತಂತಿಯನ್ನು ಇ (E) ಸ್ವರದಿಂದ ಡಿ (D) ಸ್ವರಕ್ಕೆ ಇಳಿಸಿ, ಹಾಡನ್ನು ಡಿಯಲ್ಲೇ ಇಟ್ಟುಕೊಳ್ಳಿ. ನೀವು ಆ ತಂತಿ ಮುಟ್ಟಿದಾಗಲೆಲ್ಲ ನಿಮ್ಮ ಗೆಳೆಯನ ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಬೀಳಬೇಕು, ಆಗ ಕೇಳುವವರಿಗೆ ಬೇಸ್ ಇದೆ ಅನಿಸುತ್ತೆ. ಹಾಲ್ ದೊಡ್ಡದು ಅಂದಿರಲ್ಲ, ಅದು ಒಳ್ಳೇದೇ. ನೀವು ನಿಲ್ಲಿಸಿದ ಮೇಲೂ ಸದ್ದು ಗೋಡೆಗೆ ಹೊಡೆದು ವಾಪಸ್ ಬರುತ್ತಿರುತ್ತೆ. ಅದರ ಮೇಲೆ ರೋಲ್ ಹಾಕಿದರೆ ಬರೀ ಗಲಾಟೆ. ನಿಮ್ಮ ಗೆಳೆಯನಿಗೆ ಇದನ್ನು ಬಾಯಲ್ಲಿ ಹೇಳಬೇಡಿ. ಹಾಲ್‌ನ ಹಿಂದೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿ ಕೇಳಿಸಿ.

ಒಗ್ಗರಣೆ ಬರೆದದ್ದು:

ಡೈವೋರ್ಸ್ ವಿಷಯ ಒಪ್ಪಿದೆ. ಡ್ರಮ್ಸ್ ವಿಷಯ ಒಪ್ಪಲ್ಲ. ನಾಳೆ ಯಾರು ಬೇಕಾದರೂ ಬಂದು ಎರಡು ಪೆಟ್ಟು ಹೊಡೆದು ಇದು ಬೇಕಂತಲೇ ಅನ್ನಬಹುದಲ್ವಾ?

ಮಂಡ್ಯ ಟು ಮಿಶಿಗನ್ ಬರೆದದ್ದು:

ಅನ್ನಬಹುದು. 17 ಹಾಡಿನ ತುಂಬ ಅನ್ನುತ್ತಲೇ ಇರೋದು ಕಷ್ಟ. 'ಡು' ಅನ್ನೋ ಹನ್ನೊಂದನೇ ಹಾಡು ಹಾಕಿ, ಅವಳ ಕೈಯನ್ನಷ್ಟೇ ಹಿಡಿದು ಕೇಳಿ ಬನ್ನಿ, ಆಮೇಲೆ ಜಗಳ ಆಡೋಣ.

ತಮ್ಮಾ, ಡಿಸೆಂಬರ್‌ಗೆ ಇದರಲ್ಲಿ ಒಂದು ಹಾಡು ಎತ್ತಿಕೊಳ್ಳೋದಾದರೆ 'ಬಿಗ್ ಥ್ರೀ' ಬೇಡ. ಹಳೇ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಕಾರ್ ಕಂಪನಿಯಲ್ಲೇ ಇರ್ತಾರೆ. ಕೊನೆಯಿಂದ ಎರಡನೆಯದು 'ಸೇಂಟ್ ಜೇಮ್ಸ್ ಇನ್ಫರ್ಮರಿ ಬ್ಲೂಸ್' ನೋಡಿ. ತುಂಬಾ ಹಳೇ ಹಾಡು, ಯಾರ್ಯಾರೋ ಹಾಡಿದ್ದಾರೆ, ಹಾಗಾಗಿ ನೀವು ನಿಮ್ಮ ಥರ ಹಾಡಿದರೂ ಯಾರೂ ಕೇಳಲ್ಲ. ನಿಧಾನದ ಹಾಡು, ನಿಮ್ಮ ಗೆಳೆಯ ರೋಲ್ ಹಾಕೋಕೆ ಆಸೆಪಟ್ಟರೂ ಜಾಗ ಸಿಗಲ್ಲ. ಆಲ್ಬಮ್‌ನಲ್ಲಿ ಜ್ಯಾಕ್ ಅದಕ್ಕೆ ಪಿಯಾನೋ ನುಡಿಸಿದ್ದಾನೆ. ಪಿಯಾನೋ ಇಲ್ಲದಿದ್ದರೆ ಹಾರ್ಮೋನಿಯಂ ಇಟ್ಟುಕೊಂಡು ನೋಡಿ. ಧಾರವಾಡದಲ್ಲಿ ಅದಕ್ಕೇನು ಬರ ಬಂದಿಲ್ಲ ತಾನೆ?